ದೇವೀರಮ್ಮ ನಗರಶೆಟ್ಟಿ ಪಟ್ಟ ಬೇಡ ಅಂದಿದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಕೂಡ ಬಂದಿರ್ಲಿಲ್ಲವಲ್ಲ ಅಂಥಾ ಕಾಲದಲ್ಲಿ, ಒಂದು ದೊಡ್ಡ ಹೊಳೆ ಇತ್ತಂತೆ, ಹೊಳೆ ದಂಡೇಲಿ ಒಂದು ಪಟ್ಣ ಇತ್ತಂತೆ, ಆ ಪಟ್ಣದಲ್ಲಿ ದೇವೀರಮ್ಮ ಅನ್ನೋ ಹೆಂಗಸು ಬಣ್ಣದ ವ್ಯಾಪಾರ ಮಾಡ್ಕೊಂಡಿದ್ಳಂತೆ. ಬಣ್ಣ ಅಂದ್ರೆ ಎಲ್ಲಾ ಬಣ್ಣ ಅಲ್ಲ ಪುಟ್ಟೀ, ನೀಲಿ ಒಂದೇ. ಅವಳ ಹಿತ್ತಲಲ್ಲಿ ಆಳೆತ್ತರದ ಒಂಬತ್ತು ಗುಡಾಣ ನೆಲದಲ್ಲಿ ಹೂತಿದ್ರಂತೆ. ಅದರೊಳಗೆ ನೀಲಿಸೊಪ್ಪಿನ ಗಟ್ಟಿ, ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚೆ ಬೀಜ ಎಲ್ಲಾ ಹಾಕಿ ಹುಳಿ ಬರಿಸೋಳು. ಬಿಳೀ ಬಟ್ಟೆ ಅದ್ದಿ ಮೇಲೆತ್ತಿದ್ರೆ ಮೊದಲು ಗಿಣಿಹಸಿರು, ಆಮೇಲೆ ಗಾಳಿ ತಾಕ್ತಾ ತಾಕ್ತಾ ಕಣ್ಣೆದುರಿಗೇ ನೀಲಿ ಆಗ್ತಿತ್ತಂತೆ. ಅದನ್ನ ನೋಡೋಕೆ ಅಂತಾನೇ ದಾರೀಲಿ ಹೋಗೋರು ಬೇಲಿ ಹತ್ರ ನಿಂತ್ಕೊಳ್ಳೋರಂತೆ.

ಮೂವತ್ತು ಜನ ಅವಳ ಹತ್ರ ಕೆಲಸಕ್ಕಿದ್ರು. ಆದ್ರೂ ದಿನಾ ಬೆಳಿಗ್ಗೆ ಗುಡಾಣಕ್ಕೆ ಕೈ ಹಾಕೋಳು ಅವಳೇ. ಕೈ ಹಾಕಿ ಬಿಸಿ ನೋಡೋದು, ಮೂಗಿಗೆ ಹಿಡಿಯೋದು, ಒಂದು ತೊಟ್ಟು ನಾಲಿಗೆ ತುದಿಗೆ ಮುಟ್ಟಿಸಿ ಥೂ ಅಂತ ಉಗಿಯೋದು, ಕಾಳಪ್ಪಾ, ಇದಕ್ಕೆ ಬೆಲ್ಲ ಸಾಲ್ದು ಕಣೋ ಅನ್ನೋದು. ಕಾಳಪ್ಪ ಅಂದ್ರೆ ಅವಳ ಹಿರೇ ಆಳು, ಅವನಿಗೂ ತಲೆ ನೆರೆತಿತ್ತು. ಹೀಗಾಗಿ ದೇವೀರಮ್ಮನ ಕೈ ಮೊಣಕೈವರೆಗೂ ಯಾವಾಗ್ಲೂ ನೀಲಿ. ಎಷ್ಟು ಉಜ್ಜಿದ್ರೂ ಹೋಗ್ತಿರ್ಲಿಲ್ಲ, ಅವಳು ಉಜ್ಜೋಕೂ ಹೋಗ್ತಿರ್ಲಿಲ್ಲ.

ಆಮೇಲೆ ಅವಳಿಗೆ ಒಂದು ಹುಚ್ಚಿತ್ತು. ಏನು ಹೇಳು? ಈಜೋದು. ಐದು ವರ್ಷದವಳಿದ್ದಾಗ ಅವರವ್ವ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಹೊಳೆಗೆ ತಳ್ಳಿದ್ಳಂತೆ, ಅವತ್ತಿಂದ ಹಿಡಿದದ್ದು. ಐವತ್ತು ವರ್ಷ ಆಗಿ ಮೈ ಒಂದಿಷ್ಟು ದಪ್ಪ ಆದ್ರೂ ಬಿಟ್ಟಿರ್ಲಿಲ್ಲ. ಗುಡಾಣ ನೋಡಿ ಆದಮೇಲೆ ಸೀರೇನ ಕಚ್ಚೆ ಕಟ್ಕೊಂಡು, ದುಡುಂ ಅಂತ ಹೊಳೆಗೆ ಬಿದ್ದು, ಆಚೆ ದಡ ಸೇರೋಳು. ಆಚೆ ದಡದ ಮರಳಲ್ಲಿ ಅವಳ ಗೆಳತಿ ಜವರಮ್ಮ ಕರಬೂಜದ ಬಳ್ಳಿ ಹಾಕಿದ್ಳು. ಇಬ್ಬರೂ ಮರಳ ಮೇಲೆ ಕೂತು ಹಣ್ಣು ಸೀಳ್ಕೊಂಡು ತಿಂದು, ಊರ ಸುದ್ದಿ ಎಲ್ಲಾ ಆಡಿ, ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕು, ಆಮೇಲೆ ಇವಳು ವಾಪಸ್ ಈಜ್ಕೊಂಡು ಬಂದು ಒದ್ದೆ ಕೂದಲಲ್ಲೇ ಅಂಗಡೀಲಿ ಕೂರೋಳಂತೆ. ಚಿಕ್ಕಂದಿನಿಂದ ನೋಡಿದ್ದಕ್ಕೆ ಊರೋರು ಏನೂ ಅನ್ಕೊಳ್ತಿರ್ಲಿಲ್ಲ. ಹೊಳೇಲಿ ಮೀನಿದೆ, ದೇವೀರಮ್ಮ ಇದ್ದಾಳೆ, ಅಷ್ಟೇ.

ಹ್ಞೂಂ ಅನ್ನು, ಇಲ್ದಿದ್ರೆ ನಿದ್ದೆ ಬಂತು ಅನ್ಕೊಂಡು ನಿಲ್ಲಿಸಿಬಿಡ್ತೀನಿ.

ಹೀಗಿರೋವಾಗ ಒಂದು ಸಲ ಯಾರೋ ಅವಳು ಅದ್ದಿದ ಒಂದು ಶಾಲು ತಗೊಂಡೋಗಿ ರಾಜನಿಗೆ ಕೊಟ್ರಂತೆ. ರಾಜ ಅದನ್ನ ಹೊದ್ಕೊಂಡು ನೋಡ್ತಾನೆ, ತೆಗೆಯೋಕೆ ಮನಸ್ಸೇ ಬರ್ಲಿಲ್ಲವಂತೆ. ಮಳೆ ಬಿಟ್ಟ ಮೇಲೆ ಆಕಾಶ ಇರುತ್ತಲ್ಲ ಹಾಗಿದೆ, ಇದು ಯಾರ ಕೈಕೆಲಸ ಅಂತ ಕೇಳಿದನಂತೆ. ನಮ್ಮ ಪಟ್ಣದ ದೇವೀರಮ್ಮಂದೇ ಸ್ವಾಮಿ ಅಂದ್ರಂತೆ. ಹಾಗಿದ್ರೆ ಅವಳನ್ನೇ ಈ ಪಟ್ಣಕ್ಕೆ ನಗರಶೆಟ್ಟಿ ಮಾಡ್ರಪ್ಪಾ, ವ್ಯಾಪಾರದೋರಿಗೆಲ್ಲಾ ಅವಳೇ ಯಜಮಾನಿ, ಇನ್ನುಮೇಲೆ ಅರಮನೆ ಬಟ್ಟೆಯೆಲ್ಲಾ ಅವಳ ಅಂಗಡಿದೇ, ಮೂರು ತಿಂಗಳಿಗೆ ಪಟ್ಟ ಕಟ್ಟೋಣ ಅಂತ ಅಪ್ಪಣೆ ಆಯ್ತಂತೆ.

ಸುದ್ದಿ ಕೇಳಿ ದೇವೀರಮ್ಮನಿಗೆ ಕಣ್ಣಲ್ಲಿ ನೀರೇ ಬಂತಂತೆ. ಯಾಕೆ ಅಂದ್ರೆ, ಅವರವ್ವ ಬಟ್ಟೆ ಗಂಟು ಹೊತ್ಕೊಂಡು ಶೆಟ್ಟರ ಚಾವಡಿಗೆ ಹೋದಾಗ, ಏಯ್, ನೀಲಿ ಕೈಯೋಳೇ, ಮೆಟ್ಟಿಲ ಕೆಳಗೇ ನಿಂತ್ಕೋ ಅನ್ನೋರಂತೆ. ಬಿಸಿಲಲ್ಲಿ ಅವ್ವ ನಿಂತಿದ್ದನ್ನ ಇವಳು ಕಂಡಿದ್ಳು. ಅದೇ ಚಾವಡೀಲಿ ನಾನು ನಡುಮಧ್ಯೆ ಕೂರ್ತೀನಲ್ಲಾ ಅಂತ ಅವಳ ಎದೆ ಉಬ್ಬಿಹೋಯ್ತು. ತಪ್ಪೇನಿದೆ ಹೇಳು.

ಆಮೇಲೆ ಏನಾಯ್ತು, ಮೊದಲನೇ ತಿಂಗಳು ಅರಮನೆಯಿಂದ ಒಂದು ಪಲ್ಲಕ್ಕಿ, ನಾಲ್ಕು ಜನ ಬೋವಿಗಳು ಬಂದ್ರಂತೆ. ಜೊತೇಲಿ ಒಬ್ಬ ಕಾರಭಾರಿ ಬಂದು, ಅಮ್ಮಾ, ನಗರಶೆಟ್ಟಿ ಆಗೋರ ಕಾಲು ಬೀದಿ ಮಣ್ಣು ತುಳಿಯಬಾರದು, ಜನ ಏನಂತಾರೆ ಅಂದನಂತೆ. ಸರಿ, ಹತ್ತಿದ್ಳು. ಮೊದಲನೇ ದಿನ ಏನೋ ಚೆನ್ನಾಗಿತ್ತು, ಉಯ್ಯಾಲೆ ತೂಗಿದ ಹಾಗಾಗೋದು. ಎರಡನೇ ದಿನ ಹೊಳೆ ಕಡೆ ಹೊರಡಿ ಅಂದ್ರೆ ಬೋವಿಗಳು, ತಾಯೀ, ಪಲ್ಲಕ್ಕಿ ರಾಜಬೀದಿ ಬಿಟ್ಟು ಇಳಿಯೋ ಹಾಗಿಲ್ಲ ಅಂದ್ರು. ಪಕ್ಕದ ಮನೆಗೆ ಹೋಗಿ ಒಂದು ಹಿಡಿ ಕರಿಬೇವು ತರಬೇಕು ಅಂದ್ರೂ ಪಲ್ಲಕ್ಕಿ ಹತ್ತಬೇಕು, ಊರೆಲ್ಲಾ ಸುತ್ತಬೇಕು, ಅಷ್ಟೊತ್ತಿಗೆ ಒಲೆ ಮೇಲಿನ ಸಾರು ಸೀದುಹೋಗೋದು.

ಎರಡನೇ ತಿಂಗಳು ಬಂದವನು ಬಿರುದು ಹೇಳೋ ನಂಜಯ್ಯ. ಕೆಂಪು ರುಮಾಲು, ಕೈಯಲ್ಲಿ ಬೆಳ್ಳಿ ಕೋಲು, ಗಂಟಲು ಅಂದ್ರೆ ಕಹಳೆ. ಕಾರಭಾರಿ ಅಂದನಂತೆ, ಅಮ್ಮಾ, ದೊಡ್ಡೋರು ಗಿರಾಕಿ ಹತ್ರ ತಾವೇ ಮಾತಾಡಬಾರದು, ಗಟ್ಟಿಯಾಗಿ ನಗಲೇಬಾರದು, ತಮ್ಮ ಮಾತೆಲ್ಲಾ ಇವನೇ ಆಡ್ತಾನೆ. ಆಮೇಲೆ ನೋಡು ಗಮ್ಮತ್ತು. ಒಬ್ಬ ನೇಕಾರ ಬಂದು, ಅಮ್ಮಾ, ಈ ನೂಲು ಹೆಂಗೈತೆ ಅಂತ ಕೇಳಿದ. ದೇವೀರಮ್ಮ ನಂಜಯ್ಯನ ಕಿವೀಲಿ, ನೂಲು ಒರಟಾಯ್ತು, ಇನ್ನೊಂದು ಸಲ ಗಂಜಿ ಹಾಕು ಅನ್ನು ಅಂದ್ಳು. ನಂಜಯ್ಯ ಎದ್ದುನಿಂತು ಕೋಲು ಕುಟ್ಟಿ, ನೀಲಸಮುದ್ರದ ಒಡತಿ, ನವಗುಡಾಣದ ಧಣಿ, ನಗರಕ್ಕೇ ನೆರಳಾದ ಮಹಾಮಾತೆ ಅಪ್ಪಣೆ ಕೊಡಿಸ್ತಾರೆ ಅಂತ ಶುರುಮಾಡಿ, ಗಂಜಿ ಅನ್ನೋ ಮಾತಿಗೆ ಬರೋ ಹೊತ್ತಿಗೆ ನೇಕಾರ ಗೋಡೆಗೊರಗಿ ಗೊರಕೆ ಹೊಡೀತಿದ್ದನಂತೆ. ದೇವೀರಮ್ಮನಿಗೆ ನಗು ಉಕ್ಕಿಬಂತು, ಸೆರಗು ಬಾಯಿಗೆ ತುರುಕಿ ತಡ್ಕೊಂಡ್ಳು. ನಗು ತಡೆದರೆ ಹೊಟ್ಟೆ ನೋಯುತ್ತೆ ಅಂತ ಅವತ್ತೇ ಅವಳಿಗೆ ಗೊತ್ತಾಗಿದ್ದು.

ಅದೇ ತಿಂಗಳು ಒಂದಿನ ಜವರಮ್ಮ ಹರಿಗೋಲು ಹುಟ್ಟುಹಾಕ್ಕೊಂಡು ಈಚೆ ದಡಕ್ಕೆ ಬಂದ್ಳು. ಎಷ್ಟು ದಿನ ಆಯ್ತು, ಇವಳು ಬರ್ಲೇ ಇಲ್ಲವಲ್ಲ, ಮೈಗೆ ಹುಷಾರಿಲ್ಲವೇನೋ ಅಂತ ಮಡಿಲಲ್ಲಿ ಎರಡು ಕರಬೂಜ ಕಟ್ಕೊಂಡು ಬಂದ್ಳು. ಬಾಗಿಲಲ್ಲಿ ನಂಜಯ್ಯ ಕೋಲು ಅಡ್ಡ ಹಿಡಿದು, ಯಾರು, ಎಲ್ಲಿಂದ, ಅರಿಕೆ ಏನು ಅಂದನಂತೆ. ಅರಿಕೇನೂ ಇಲ್ಲ ಗಿರಿಕೇನೂ ಇಲ್ಲ, ನಮ್ಮ ದೇವೀರೀನ ನೋಡಬೇಕು ಅಂದ್ಳಂತೆ. ದೇವೀರೀ ಅಂತೀಯಾ, ಮಹಾಮಾತೆ ಅನ್ನು ಅಂತ ಅವನು ಗದರಿದ. ಒಳಗಿದ್ದ ದೇವೀರಮ್ಮನಿಗೆ ಕೇಳಿಸ್ತು. ಓಡಿಬರೋಣ ಅಂತ ಎದ್ದಳು. ಆದ್ರೆ ಎದುರಿಗೆ ನಾಲ್ಕು ಜನ ದೊಡ್ಡ ವರ್ತಕರು ಕೂತಿದ್ರು, ಕಾರಭಾರಿ ಕಣ್ಣುಬಿಟ್ಟ, ಅವಳು ಹಾಗೇ ಕೂತ್ಕೊಂಡ್ಬಿಟ್ಟಳು. ಅಷ್ಟು ದೂರದಿಂದಲೇ ತಲೆ ಆಡಿಸಿದಳು. ಜವರಮ್ಮ ಅವಳ ಮುಖ ಒಂದು ಗಳಿಗೆ ನೋಡಿ, ಹಣ್ಣು ಬಾಗಿಲ ಹತ್ರ ಇಟ್ಟು, ಇರ್ಲಿ ಬಿಡಿ ಅಮ್ಮಾ, ನೀವು ಕೆಲಸದಲ್ಲಿದ್ದೀರಿ, ಬರ್ತೀನಿ ಅಂತ ಹೊರಟುಹೋದ್ಳಂತೆ.

ನೀವು ಅಂದ್ಳಲ್ಲಾ ಪುಟ್ಟೀ. ನಲವತ್ತೈದು ವರ್ಷದ ಗೆಳೆತನದಲ್ಲಿ ಬೈಗುಳ ಬೈದಿದ್ದಳು, ಮುನಿಸ್ಕೊಂಡಿದ್ದಳು, ಆದ್ರೆ ನೀವು ಅಂತ ಒಂದಿನಾನೂ ಅಂದಿರ್ಲಿಲ್ಲ. ಆ ಕರಬೂಜ ಎರಡನ್ನೂ ದೇವೀರಮ್ಮ ಸೀಳದೆ ಆಳುಗಳಿಗೆ ಕೊಟ್ಬಿಟ್ಟಳಂತೆ.

ಆಮೇಲೆ ಮೂರನೇ ತಿಂಗಳು ಬಂತು. ಈ ಸಲ ಇಬ್ಬರು ಹೆಂಗಸರು ಕಡಲೆಹಿಟ್ಟು, ಹಾಲಿನ ಕೆನೆ, ನಿಂಬೆಹಣ್ಣು ತಗೊಂಡು ಬಂದ್ರಂತೆ. ಪಟ್ಟದ ಉಂಗುರ ತೊಡೋ ಕೈ ನೀಲಿ ಇದ್ರೆ ಚೆಂದವೇ, ಇನ್ನು ಗುಡಾಣ ಮುಟ್ಟಬಾರದು ಅಂದ್ರು. ದಿನಾ ಉಜ್ಜಿದ್ದೇ ಉಜ್ಜಿದ್ದು. ಮೊದಲು ಕೈ ಬೂದಿ ಬಣ್ಣಕ್ಕೆ ಬಂತು, ಆಮೇಲೆ ಮಾಸಲು, ಆಮೇಲೆ ಬಿಳುಚ್ಕೊಂಡು ನೀರಲ್ಲಿ ನೆನೆದ ಅವಲಕ್ಕಿ ಹಾಗಾಯ್ತಂತೆ. ದೇವೀರಮ್ಮ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡು, ಇದು ಯಾರದಪ್ಪಾ ಕೈ ಅಂದ್ಕೊಂಡ್ಳು.

ಅತ್ತ ಹಿತ್ತಲಲ್ಲಿ ಏನಾಗಿತ್ತು? ಕಾಳಪ್ಪನ ಕಣ್ಣು ಮಂಜು, ಮೂಗಿಗೆ ಶೀತ. ದೇವೀರಮ್ಮ ಕೈ ಹಾಕದೆ ಎರಡು ಗುಡಾಣ ಕೆಟ್ಟು ನಾತ ಹೊಡೆದುಹೋಯ್ತು. ಅದ್ದಿದ ಬಟ್ಟೆಯೆಲ್ಲಾ ಕೊಳೆತ ನೇರಳೆಹಣ್ಣಿನ ಬಣ್ಣಕ್ಕೆ ಬಂತು. ಅಮ್ಮಾ, ನಲವತ್ತು ವರ್ಷದಲ್ಲಿ ಇಂಥಾ ಬಟ್ಟೆ ನಮ್ಮನೆಯಿಂದ ಹೊರಗೆ ಹೋಗಿರ್ಲಿಲ್ಲ ಅಂತ ಕಾಳಪ್ಪ ಅಳ್ತಾ ಕೂತನಂತೆ.

ಆಮೇಲೆ ಪಟ್ಟ ಕಟ್ಟೋ ದಿನ ಬಂದೇಬಿಡ್ತು. ಅರಮನೆ ತುಂಬಾ ಜನ. ಎತ್ತರದಲ್ಲಿ ರಾಜ, ಪಕ್ಕದಲ್ಲಿ ಪರದೆ, ಪರದೆ ಹಿಂದೆ ರಾಜನ ತಾಯಿ. ಆಯಮ್ಮ ಆಗಾಗ ಖೊಕ್ ಖೊಕ್ ಅಂತ ಕೆಮ್ಮೋದು ಮಾತ್ರ ಕೇಳಿಸ್ತಿತ್ತು. ದೇವೀರಮ್ಮನ್ನ ಪಲ್ಲಕ್ಕಿಯಿಂದ ಇಳಿಸಿ ನಿಲ್ಲಿಸಿದ್ರು. ಚಿನ್ನದ ತಟ್ಟೇಲಿ ಮುದ್ರೆಯುಂಗುರ. ಉಂಗುರ ತೊಡೋ ಮುಂಚೆ ಭಾಷೆ ಕೊಡಬೇಕು. ಕಾರಭಾರಿ ಓಲೆ ಬಿಚ್ಚಿ ಓದಿದ: ಇವತ್ತಿಂದ ಬೀದೀಲಿ ನಡೆಯಲ್ಲ, ಸಂತೇಲಿ ನಗಲ್ಲ, ಬಣ್ಣ ಮುಟ್ಟಲ್ಲ, ಬದುಕಿರೋವರೆಗೂ ಹೊಳೆಗೆ ಇಳಿಯಲ್ಲ.

ಎಲ್ರೂ ದೇವೀರಮ್ಮನ ಬಾಯಿ ನೋಡ್ತಿದ್ರು. ಅವಳಿಗೆ ಅವ್ವನ ನೆನಪಾಯ್ತಂತೆ, ಮೆಟ್ಟಿಲ ಕೆಳಗೆ ನಿಂತಿದ್ದ ಅವ್ವ. ಈ ಉಂಗುರ ತೊಟ್ರೆ ಇನ್ನು ಯಾರೂ ಅವಳನ್ನ ಮೆಟ್ಟಿಲ ಕೆಳಗೆ ನಿಲ್ಲಿಸೋಕಾಗಲ್ಲ. ಕೈ ಮುಂದೆ ಮಾಡಿದ್ಳು. ಮಾಡಿ, ಆಮೇಲೆ ಕೇಳಿದ್ಳು.

ಸ್ವಾಮೀ, ಇದನ್ನ ತೊಟ್ಕೊಂಡು ಈಜಬಾರದಾ? ವಾರಕ್ಕೊಂದು ಸಲ?

ಸಭೆಯೆಲ್ಲಾ ಗೊಳ್ಳಂತ ನಕ್ತಂತೆ. ರಾಜನೂ ನಕ್ಕು, ಏನಮ್ಮಾ, ನಗರಶೆಟ್ಟಿ ಕಪ್ಪೆ ಹಾಗೆ ನೀರಿಗೆ ಬಿದ್ರೆ ಜನ ಏನಂತಾರೆ, ನಿನ್ನ ಮರ್ಯಾದೆ ಏನಾಗ್ಬೇಕು ಅಂದನಂತೆ.

ದೇವೀರಮ್ಮ ಅಂದ್ಳು, ಜನ ಅನ್ನೋದು ಜನರ ಬಾಯಿ ಸ್ವಾಮೀ, ಅದು ಅವರದು. ಈಜೋದು ನನ್ನ ಕೈಕಾಲು. ನಮ್ಮವ್ವನ್ನ ಶೆಟ್ಟರು ಹಗಲೆಲ್ಲಾ ಮೆಟ್ಟಿಲ ಕೆಳಗೆ ನಿಲ್ಲಿಸ್ತಿದ್ರು, ಆದ್ರೂ ಸಂಜೆ ಅವಳು ಹೊಳೆಗೆ ಬಿದ್ದು ನಗ್ತಿದ್ಳು. ನಾನು ಮೂರು ತಿಂಗಳಿಂದ ನಕ್ಕಿಲ್ಲ. ನನ್ನ ಮೆಚ್ಚಿದ್ರಿ, ತಮ್ಮ ಋಣ ದೊಡ್ಡದು. ಆದ್ರೆ ಈ ಉಂಗುರ ನನಗೆ ಬೇಡ.

ಪರದೆ ಹಿಂದಿನ ಕೆಮ್ಮೂ ನಿಂತುಹೋಯ್ತು. ರಾಜನ ಮುಖ ಕೆಂಪಗಾಗಿ, ಯೋಚನೆ ಮಾಡು, ಉಂಗುರ ಬೇಡ ಅಂದ್ರೆ ಅರಮನೆ ಬಟ್ಟೇನೂ ಇಲ್ಲ, ಆಸ್ಥಾನದೋರು ಯಾರೂ ನಿನ್ನ ಅಂಗಡಿ ಹೊಸ್ತಿಲು ತುಳಿಯಲ್ಲ ಅಂದನಂತೆ. ಅವಳ ಕಣ್ಮುಂದೆ ಮೂವತ್ತು ಜನ ಆಳು ಬಂದ್ರು. ಆದ್ರೂ ಕೈಮುಗಿದು, ನಾಲ್ಕು ಮನೆ ಹಳ್ಳಿಯೋರೂ ಸೀರೆ ಉಡ್ತಾರೆ ಸ್ವಾಮೀ ಅಂತ ಹೇಳಿ ತಿರುಗಿದ್ಳು. ಬೋವಿಗಳು ಪಲ್ಲಕ್ಕಿ ತಂದ್ರು. ಅವಳು ನಿಮ್ಮ ಹೆಗಲಿಗೆ ಒಳ್ಳೇದಾಗ್ಲಿ ಕಣ್ರಪ್ಪಾ ಅಂತ ಹೇಳಿ, ಬರಿಗಾಲಲ್ಲಿ ರಾಜಬೀದಿ ಇಳಿದು, ನೆಟ್ಟಗೆ ಹೊಳೆಗೆ ಹೋಗಿ, ಜರತಾರಿ ಸೀರೇನೇ ಕಚ್ಚೆ ಕಟ್ಟಿ ದುಡುಂ ಅಂತ ಬಿದ್ಳಂತೆ. ದಡದ ತುಂಬಾ ಜನ. ಕೆಲವರು ಛೀಮಾರಿ ಹಾಕಿದ್ರು, ಕೆಲವರು ಶಿಳ್ಳೆ ಹೊಡೆದ್ರು. ನೀರೊಳಗೆ ಕಿವಿ ಮುಳುಗಿದ ಮೇಲೆ ಎರಡೂ ಒಂದೇ ಥರ ಕೇಳಿಸ್ತಂತೆ.

ಆಚೆ ದಡದಲ್ಲಿ ಜವರಮ್ಮ ಬಳ್ಳಿಗೆ ನೀರು ಹಾಕ್ತಿದ್ಳು. ಇವಳು ಏದುಸಿರು ಬಿಟ್ಕೊಂಡು ಮರಳಿಗೆ ಬಂದು ಬಿದ್ರೆ ತಿರುಗಿಯೂ ನೋಡದೆ, ಏನೇ, ಮೂರು ತಿಂಗಳಾದ ಮೇಲೆ ದಾರಿ ಗೊತ್ತಾಯ್ತಾ ನಿಂಗೆ, ಹಣ್ಣೆಲ್ಲಾ ನರಿ ತಿಂದುಹೋಯ್ತು ಹೋಗು ಅಂದ್ಳಂತೆ. ಅವತ್ತು ನನ್ನ ಕಂಡೂ ಏಳದೆ ಕೂತಿದ್ಯಲ್ಲೇ ಅಂತ ಬೈದ್ಳು. ದೇವೀರಮ್ಮ, ತಪ್ಪಾಯ್ತು ಕಣೇ ಅಂದ್ಳು. ಇನ್ನೂ ಬೈದ್ಳು. ಬೈಸ್ಕೊಂಡ್ಳು. ಆಮೇಲೆ ಇಬ್ಬರೂ ಅತ್ತು, ಅತ್ತಿದ್ದಕ್ಕೆ ನಾಚ್ಕೊಂಡು ನಕ್ಕು, ಎಲೆ ಮರೇಲಿ ನರಿ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಹಣ್ಣು ಹುಡುಕಿ ತಿಂದ್ರಂತೆ.

ಹಾಗಂತ ಎಲ್ಲಾ ಒಂದೇ ದಿನಕ್ಕೆ ಸರಿಹೋಯ್ತು ಅನ್ಕೋಬೇಡ. ಮಾರನೇ ದಿನ ದೇವೀರಮ್ಮ ಆಳುಗಳನ್ನೆಲ್ಲಾ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದ್ಳು: ಅರಮನೆ ಕೆಲಸ ಹೋಯ್ತು, ಹೋಗಿದ್ದು ನನ್ನಿಂದ, ಯಾರಿಗೆ ಬೇರೆ ಕಡೆ ಹೋಗಬೇಕು ಅನ್ಸುತ್ತೋ ಹೋಗಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಹನ್ನೆರಡು ಜನ ಸಂಪಂಗಯ್ಯನ ಹತ್ರ ಹೋದ್ರು. ಸಂಪಂಗಯ್ಯ ಅಂದ್ರೆ ಇನ್ನೊಬ್ಬ ಬಟ್ಟೆ ವ್ಯಾಪಾರಿ, ಉಂಗುರ ಅವನಿಗೇ ಸಿಕ್ಕಿತ್ತು. ಅವನಿಗೆ ಬೇಕಾಗಿತ್ತು, ಅವನು ತೊಟ್ಕೊಂಡ. ಬೆನ್ನು ಕಡಿದ್ರೂ ಅದನ್ನ ನಂಜಯ್ಯನೇ ಹೇಳ್ಲಿ ಅಂತ ಅವನ ಕಡೆ ನೋಡ್ತಾ ಕೂರ್ತಿದ್ದನಂತೆ, ಪಾಪ. ಕಾಳಪ್ಪ ಮಾತ್ರ, ನಾನೆಲ್ಲಿಗೆ ಹೋಗ್ಲಿ ಅಮ್ಮಾ, ಮೊದಲು ನೀನು ಬಂದು ಗುಡಾಣದ ರುಚಿ ನೋಡು ಅಂದನಂತೆ. ಅವಳು ಮೊಣಕೈವರೆಗೂ ಕೈ ಅದ್ದಿದ್ಳು.

ಒಂಬತ್ತು ಗುಡಾಣದಲ್ಲಿ ನಾಲ್ಕೇ ನಡೀತಿತ್ತು. ಬೀದೀಲಿ ಹೋದ್ರೆ, ನೋಡ್ರೋ ಕಪ್ಪೆಯಮ್ಮ ಬಂದ್ಳು ಅನ್ನೋರು. ಶೆಟ್ಟರ ಮನೆ ಹೆಂಗಸರು ಮುಖ ತಿರುಗಿಸೋರು. ಒಂದೊಂದು ಸಲ ಅವಳಿಗೂ ಚುಚ್ಚೋದು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀರಿಗಿಳಿದ್ರೆ ಮರೆತುಹೋಗೋದು. ಆಮೇಲೆ ಅವಳು ರೇಷ್ಮೆ ಬಿಟ್ಟು ಒರಟು ಹತ್ತಿ ಸೀರೆ ಅದ್ದೋಕೆ ಶುರುಮಾಡಿದ್ಳು, ಗದ್ದೇಲಿ ನಾಟಿ ಹಾಕೋರಿಗೆ, ಹರಿಗೋಲು ನಡೆಸೋರಿಗೆ, ಸೊಪ್ಪು ಮಾರೋರಿಗೆ. ತಾನೇ ಗಂಟು ಹೊತ್ಕೊಂಡು ಹರಿಗೋಲು ಕಟ್ಟೋ ಕಡವಿನ ಸಂತೇಲಿ ಕೂತ್ಕೊಂಡ್ಳು. ಒಂದಿನ ದೂರದ ಹಳ್ಳಿ ಹೆಂಗಸೊಬ್ಬಳು ಬಂದು, ಅಕ್ಕಾ, ಕಪ್ಪೆಯಮ್ಮನ ಸೀರೆ ಅಂತಾರಲ್ಲ, ಎಷ್ಟು ಒಗೆದ್ರೂ ಬಣ್ಣ ಬಿಡಲ್ವಂತಲ್ಲ, ಅದು ಎಲ್ಲಿ ಸಿಗ್ತದೆ ಅಂತ ಅವಳನ್ನೇ ಕೇಳಿದ್ಳಂತೆ. ನಾನೇ ಕಣವ್ವಾ ಕಪ್ಪೆಯಮ್ಮ ಅಂತ ದೇವೀರಮ್ಮ ಸಂತೆಯೆಲ್ಲಾ ತಿರುಗಿ ನೋಡೋ ಹಾಗೆ ನಕ್ಕಳಂತೆ. ಮಾರನೇ ವಾರದಿಂದ ಸೀರೆ ಸೆರಗಿನ ಮೂಲೇಲಿ ಒಂದು ಪುಟಾಣಿ ಕಪ್ಪೆ ಅಚ್ಚು. ಕಪ್ಪೆ ಇಲ್ಲದ ಸೀರೆ ಕೊಟ್ರೆ ಹಳ್ಳಿಯೋರು ಬೇಡವೇ ಬೇಡ ಅನ್ನೋರಂತೆ. ನಾಲ್ಕು ಗುಡಾಣ ಐದಾಯ್ತು, ಐದು ಏಳಾಯ್ತು, ಹೋದ ಆಳುಗಳಲ್ಲಿ ಕೆಲವರು ತಲೆ ಕೆರ್ಕೊಂಡು ವಾಪಸ್ ಬಂದ್ರು.

ನಿದ್ದೆ ಬಂತಾ? ಇನ್ನೂ ಸ್ವಲ್ಪ ಇದೆ, ಕೇಳು.

ಒಂದು ಬೆಳಿಗ್ಗೆ ದೇವೀರಮ್ಮ, ಜವರಮ್ಮ ಮರಳ ಮೇಲೆ ಕೂತಿದ್ದಾಗ ಒಂದು ಹರಿಗೋಲು ಬಂತಂತೆ. ಅದರಿಂದ ಅರವತ್ತು ದಾಟಿದ ಒಬ್ಬ ಹೆಂಗಸು ಇಳಿದಳು. ಮಾಸಲು ಸೀರೆ, ಕೈಯಲ್ಲಿ ಬಳೆ ಕೂಡ ಇಲ್ಲ. ಯಾವೂರವ್ವಾ ಅಂತ ಜವರಮ್ಮ ಕೇಳಿದ್ಳು. ಅರಮನೆ ಕಡೆಯೋಳು ಅಂದಳು. ಅಡಿಗೆ ಕೆಲಸವಾ ಅಂದ್ಳು. ಹ್ಞೂಂ, ಹಾಗೇ ಅನ್ಕೋ ಅಂದಳು. ಅಂದು ಖೊಕ್ ಖೊಕ್ ಅಂತ ಕೆಮ್ಮಿದಳು ನೋಡು, ದೇವೀರಮ್ಮ ಧಡಕ್ಕನೆ ಎದ್ದುನಿಂತ್ಬಿಟ್ಟಳು. ಅವಳು ರಾಜನ ತಾಯಿ!

ಆಯಮ್ಮ ತುಟಿ ಮೇಲೆ ಬೆರಳಿಟ್ಟು, ಕೂತ್ಕೋ ತಾಯೀ ಅಂದಳಂತೆ. ನಲವತ್ತು ವರ್ಷ ಆಯ್ತು ನಾನು ಈ ಅರಮನೆಗೆ ಬಂದು, ದಿನಾ ಕಿಟಕಿಯಿಂದ ಈ ಹೊಳೆ ನೋಡ್ತೀನಿ, ಒಂದಿನಾನೂ ಕಾಲು ನೆನೆಸಿಲ್ಲ. ನೀನು ಅವತ್ತು ಉಂಗುರ ಬೇಡ ಅಂದು ನೀರಿಗೆ ಬಿದ್ದಿದ್ದನ್ನ ಅದೇ ಕಿಟಕಿಯಿಂದ ನೋಡಿದೆ. ಅವತ್ತಿಂದ ನಂಗೆ ಅನ್ನ ರುಚಿಸ್ತಿಲ್ಲ. ಈ ವಯಸ್ಸಲ್ಲಿ ಕಲೀಬಹುದಾ ಅಂತ ಕೇಳಿದಳು.

ಬನ್ನಿ ನೋಡೋಣ ಅಂತ ದೇವೀರಮ್ಮ ಕೈ ಹಿಡಿದು ಇಳಿಸಿದಳು. ಮೊದಲನೇ ದಿನ ಆಯಮ್ಮ ಮೊಣಕಾಲು ನೀರಲ್ಲಿ ನಿಂತು, ಅಯ್ಯೋ ತಣ್ಣಗೆ, ಅಯ್ಯೋ ತಣ್ಣಗೆ ಅಂತ ಕೂಗಿ ವಾಪಸ್ ಹೋದಳು. ಎರಡನೇ ದಿನ ಮುಳುಗಿ ಎರಡು ಗುಟುಕು ನೀರು ಕುಡಿದು, ಅರಮನೆಯೋರ ಬಾಯಲ್ಲಿ ಬರಬಾರದ ಮಾತೆಲ್ಲಾ ಬೈದಳು. ಜವರಮ್ಮ ಬಿದ್ದೂ ಬಿದ್ದೂ ನಕ್ಕು, ಅಡಿಗೆಯೋಳು ಗಟ್ಟಿಗಿತ್ತಿ ಕಣೇ ಅಂದ್ಳಂತೆ, ಅವಳಿಗೆ ಇನ್ನೂ ಗೊತ್ತಿರ್ಲಿಲ್ಲವಲ್ಲ! ಮೂರನೇ ದಿನ ದೇವೀರಮ್ಮ ನೀಲಿ ಕೈ ಎರಡನ್ನೂ ಆಯಮ್ಮನ ಬೆನ್ನ ಕೆಳಗಿಟ್ಟು, ಆಕಾಶ ನೋಡಿ, ಮೈ ಸಡಿಲ ಬಿಡಿ, ಏನೂ ಮಾಡಬೇಡಿ ಅಂದಳು. ಅಂದು, ಹಗೂರಕ್ಕೆ ಕೈ ತೆಗೆದಳು. ಆಯಮ್ಮ ತೇಲ್ತಿದ್ದಳು.

ದಡಕ್ಕೆ ಬಂದಮೇಲೆ ಆಯಮ್ಮ, ನಿನ್ನ ಪಟ್ಟ ನಿನಗೇ ಕೊಡಿಸ್ಲಾ, ಮಗನಿಗೆ ಹೇಳ್ತೀನಿ ಅಂದಳಂತೆ. ಅಯ್ಯೋ ಬೇಡ ತಾಯೀ, ಅಡಿಗೆಮನೆ ಹೆಂಗಸರಿಗೆ ಸೀರೆ ಬೇಕಾದ್ರೆ ಕಳಿಸಿ, ಕೊಡ್ತೀನಿ, ಚೆನ್ನಾಗಿದ್ರೆ ಆಮೇಲೆ ಇನ್ನಷ್ಟು ತಗೊಳ್ಳಿ ಅಂದಳು ದೇವೀರಮ್ಮ.

ಒಂದಿನ ರಾಜನಿಗೆ ಗೊತ್ತಾಯ್ತು. ಓಡ್ಕೊಂಡು ದಡಕ್ಕೆ ಬಂದು ನೋಡ್ತಾನೆ, ನಡುಹೊಳೇಲಿ ತಾಯಿ! ಅಮ್ಮಾ, ಜನ ಏನಂತಾರೆ ಅಂತ ಕೂಗಿದನಂತೆ. ತಾಯಿ ನೀರಲ್ಲಿದ್ದೇ ಕೈ ಎತ್ತಿ, ಏನಂತಾರೋ ನೀನೇ ಕೇಳಪ್ಪಾ, ಅಲ್ಲೇ ಸಾಲಾಗಿ ನಿಂತಿದ್ದಾರಲ್ಲ ಅಂದಳಂತೆ. ತಿರುಗಿ ನೋಡಿದ್ರೆ ಶೆಟ್ಟರ ಮನೆ ಹೆಂಗಸರು, ಸೊಪ್ಪಿನವರು, ನೇಕಾರರ ಮನೆಯೋರು, ಸಂಪಂಗಯ್ಯನ ಹೆಂಡತಿ ಕೂಡ, ಎಲ್ಲಾ ಕಚ್ಚೆ ಕಟ್ಕೊಂಡು, ಸೊಂಟಕ್ಕೆ ಸೋರೆಬುರುಡೆ ಬಿಗ್ಕೊಂಡು, ನಮ್ಮ ಸರದಿ ಯಾವಾಗ ಅಂತ ಕಾಯ್ತಿದ್ರಂತೆ. ರಾಜ ಚಪ್ಪಲಿ ಬಿಚ್ಚಿಟ್ಟು, ಕಲ್ಲಿನ ಮೇಲೆ ಕೂತು, ಸುತ್ತ ಒಂದು ಸಲ ನೋಡಿ, ಮೆಲ್ಲಗೆ ಕಾಲು ನೀರಿಗೆ ಇಳಿಬಿಟ್ಟನಂತೆ.

ಅವರು ಅಲ್ಲಿ ತಣ್ಣಗೆ ತೇಲ್ಕೊಂಡಿದ್ರು, ನಾವು ಇಲ್ಲಿ ಬೆಚ್ಚಗೆ ಹೊದ್ಕೊಂಡಿದ್ದೀವಿ. ಕತೆಯೂ ಕಾಲು ಚಾಚ್ತು, ನೀನೂ ಚಾಚು ಪುಟ್ಟೀ, ಮಲಕ್ಕೋ.